ಬಾಲ ಹಿಡಿಯದ ಪಟಾಲಮ್ಮ

ಶಿರಾ ಊರಾಚೆ, ಹೈವೇಗೆ ಮುಖ ಮಾಡಿ ನಿಂತಿರುವ ಆ ಫಾರ್ಮಸಿ ಕಾಲೇಜಿಗೆ ಲಿಫ್ಟ್ ಇಲ್ಲ. ಮೂರನೇ ಮಹಡಿಯವರೆಗೆ ಸುಮ್ಮಸುಮ್ಮನೆ ಯಾರು ಹತ್ತುತ್ತಾರೆ ಹೇಳಿ? ಹಾಗಾಗಿ ಮೇಲಿರುವ ಇಲಿಮನೆಯನ್ನು ಕೆಳಗಿನವರಲ್ಲಿ ಅರ್ಧಕ್ಕರ್ಧ ಜನ ನೋಡಿಯೇ ಇಲ್ಲ. ಪ್ರಯೋಗಕ್ಕೆಂದು ಸಾಕಿರುವ ಬಿಳಿ ಇಲಿಗಳು, ಕೆಂಪು ಕಣ್ಣಿನವು, ಸಾಲು ಸಾಲು ಗೂಡುಗಳಲ್ಲಿ. ಅವುಗಳ ಮೇವು, ನೀರು ನೋಡುವುದು, ಗೂಡಿನ ಹೊಟ್ಟು ಬದಲಾಯಿಸುವುದು, ಪ್ರಯೋಗದ ಕೋಣೆಗೆ ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದು, ಇದೆಲ್ಲ ಆರು ವರ್ಷದಿಂದ ಪಟಾಲಮ್ಮನ ಕೆಲಸ. ಎತ್ತಿಕೊಂಡು ಹೋಗುವುದಲ್ಲ, ಕರೆದುಕೊಂಡು ಹೋಗುವುದು. ಇಡೀ ಕಥೆ ಇರುವುದೇ ಅಲ್ಲಿ.

ಪಟಾಲಮ್ಮ ಗೌಡಗೆರೆ ಕಡೆಯವಳು. ಅಪ್ಪ ಸಣ್ಣರಂಗಯ್ಯ ಕಡಲೆಕಾಯಿ ಹೊಲಗಳಲ್ಲಿ ಇಲಿ ಹಿಡಿಯುತ್ತಿದ್ದವರು. ಬೇರೆಯವರು ಹೊಗೆ ಹಾಕಿ, ಬಿಲ ಅಗೆದು, ದೊಣ್ಣೆ ಹಿಡಿದು ಓಡಾಡಿದರೆ ಸಣ್ಣರಂಗಯ್ಯನದು ಬೇರೆ ದಾರಿ. ಬಿಲದ ಬಾಯಿಗೆ ಒಂದು ಬಿದಿರಿನ ಕೊಳವೆ ಇಟ್ಟು ದೂರ ಕೂತು ಬೀಡಿ ಹಚ್ಚಿದರೆ ಮುಗಿಯಿತು. "ಇಲಿ ಹೆದ್ರೋದು ಬಯಲಿಗೆ ಕಣವ್ವ, ಕತ್ಲಿಗಲ್ಲ" ಅನ್ನುತ್ತಿದ್ದರು ಮಗಳಿಗೆ. "ಕತ್ಲು ತೋರ್ಸು, ಅದೇ ನಡ್ಕಂಡ್ ಬತ್ತೈತೆ."

ಕಾಲೇಜಿಗೆ ಸೇರಿದ ಮೊದಲ ದಿನ ಹಳೆಯ ಅಟೆಂಡರ್ ಕದಿರಯ್ಯ ಕೆಲಸ ತೋರಿಸಿಕೊಟ್ಟ. ಗೂಡಿನ ಮುಚ್ಚಳ ತೆಗೆದು, ಬಾಲದ ಬುಡ ಹಿಡಿದು, ಗಾಳಿಯಲ್ಲಿ ತೂಗಾಡಿಸುತ್ತಾ ಒಂದು ಇಲಿಯನ್ನು ಎತ್ತಿದ. ಅದು ನಾಲ್ಕೂ ಕಾಲು ಚಾಚಿ ಒದ್ದಾಡಿ, ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಇಂಗೆ ಎತ್ಬೇಕು. ಎಲ್ಲಾ ಕಡೆ ಇಂಗೇಯ" ಅಂದ ಕದಿರಯ್ಯ.

"ನಿನ್ನ ಯಾರಾನ ಜುಟ್ಟು ಹಿಡ್ದು ಮೂರ್ನೇ ಮಾಡೀಲಿ ನೇತಾಕಿದ್ರೆ ನೀನೂ ಉಚ್ಚೆ ಉಯ್ಕಂತೀಯ ಕಣಣ್ಣ" ಅಂದಳು ಪಟಾಲಮ್ಮ.

ಮಾರನೆಯ ದಿನ ಬರುವಾಗ ಆಕೆಯ ಬ್ಯಾಗಿನಲ್ಲಿ ಒಂದಡಿ ಉದ್ದದ ಬೋರ್‌ವೆಲ್ ಪೈಪಿನ ತುಂಡಿತ್ತು, ಅಂಚು ಚುಚ್ಚದ ಹಾಗೆ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದ್ದು. ಗೂಡಿಗೆ ಇಟ್ಟಳು. ಇಲಿ ಮೂಸಿತು, ಒಳಗೆ ಹೋಯಿತು. ಎರಡೂ ಬಾಯಿಗೆ ಅಂಗೈ ಅಡ್ಡ ಇಟ್ಟು ತೆಗೆದುಕೊಂಡು ಹೋದಳು. ಒದ್ದಾಟವಿಲ್ಲ, ಕಚ್ಚುವುದಿಲ್ಲ. ಸ್ವಲ್ಪ ದಿನಕ್ಕೆ ಅವು ಅವಳ ಬಳೆ ಸದ್ದಿಗೇ ಪೈಪಿನ ಹತ್ತಿರ ಬಂದು ನಿಲ್ಲತೊಡಗಿದವು. ಇದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ನಡೆದ ಪ್ರಯೋಗಗಳೆಲ್ಲ ಸಕ್ಕರೆ ಕಾಯಿಲೆಯದು, ಇಲ್ಲ ಲಿವರಿನದು. ಇಲಿ ಹೆದರಿದೆಯೋ ಇಲ್ಲವೋ ಯಾರಿಗೆ ಬೇಕಿತ್ತು?

ಬೇಕಾಗಿದ್ದು ಮಧುಶ್ರೀಗೆ. ಪಾವಗಡದ ಹುಡುಗಿ, ಎಂ.ಫಾರ್ಮ್ ಕೊನೆಯ ವರ್ಷ, ಮಾತಿಗೊಂದು ತೆಲುಗು. ಅವಳು ಆರಿಸಿಕೊಂಡ ವಿಷಯ ಕೇಳಿಯೇ ಕ್ಯಾಂಟೀನ್ ಬಾಯಿ ಬಿಟ್ಟಿತ್ತು. ಗಾಂಜಾದ ಮತ್ತೇರಿಸುವ ಸತ್ವ ಇದೆಯಲ್ಲ, ಅದರ ಹಾಗೆಯೇ ಕೆಲಸ ಮಾಡುವ ಒಂದು ಔಷಧಿ. ಅದನ್ನು ಕೊಟ್ಟರೆ ಇಲಿಗಳ ಹೆದರಿಕೆ ಏನಾಗುತ್ತೆ? ಬೇರೆ ಕಡೆ ಮಾಡಿದವರ ಪ್ರಕಾರ ಸ್ವಲ್ಪ ಕೊಟ್ಟರೆ ಹೆದರಿಕೆ ಇಳಿಯುತ್ತೆ, ಜಾಸ್ತಿ ಕೊಟ್ಟರೆ ತಿರುಗಿಕೊಂಡು ಮೊದಲಿಗಿಂತ ಹೆಚ್ಚಾಗುತ್ತೆ. ಸರ್ಕಾರದ ಒಪ್ಪಿಗೆ, ಪ್ರಾಣಿಗಳ ಕಮಿಟಿಯ ಒಪ್ಪಿಗೆ ಅಂತ ಒಂದು ವರ್ಷ ಓಡಾಡಿ, ಕೊನೆಗೂ ಹೆಬ್ಬೆರಳಿನಷ್ಟು ಬಾಟಲಿ ಬಂತು. ಅದು ಇದ್ದದ್ದು ಗೈಡ್ ನರಸಿಂಹರಾಜು ಸರ್ ಬೀರುವಿನಲ್ಲಿ, ಎರಡು ಬೀಗದ ಹಿಂದೆ.

ಹೆದರಿಕೆ ಅಳೆಯುವುದು ಹೇಗೆ ಗೊತ್ತೇ? ಸೊಂಟದೆತ್ತರಕ್ಕೆ ನಿಲ್ಲಿಸಿದ, ಕೂಡಿಸುವ ಗುರುತಿನ ಆಕಾರದ ಒಂದು ಮರದ ಹಲಗೆ. ನಾಲ್ಕು ತೋಳು. ಎರಡಕ್ಕೆ ಗೋಡೆ ಇದೆ, ಎರಡು ಬಟ್ಟಬಯಲು. ಇಲಿಯನ್ನು ನಡುವೆ ಬಿಟ್ಟು ಐದು ನಿಮಿಷ ನೋಡುವುದು. ಹೆದರಿದ್ದು ಗೋಡೆ ಸಂದಿಯಲ್ಲಿ ಅವಿತು ಕೂರುತ್ತೆ, ಧೈರ್ಯ ಇರುವುದು ಬಯಲಿಗೆ ಬಂದು ಅಂಚಿನಿಂದ ಕೆಳಗೆ ಇಣುಕುತ್ತೆ. ಇದನ್ನು ಮಧುಶ್ರೀ ವಿವರಿಸಿದಾಗ ಪಟಾಲಮ್ಮ ನಕ್ಕುಬಿಟ್ಟಳು. "ಇದ್ನ ನಮ್ಮಪ್ಪ ಹೊಲ್ದಾಗೇ ಹೇಳ್ತಿದ್ನಲ್ಲೇ ತಾಯಿ! ಅದ್ಕೆ ಇಷ್ಟೊಂದು ಹಲ್ಗೆ ಬೇಕಾ?"

ಮೂವತ್ತು ಇಲಿಗಳು, ಮೂರು ಸಾಲು. ಮೊದಲನೆಯ ಸಾಲಿಗೆ ಬರೀ ಎಣ್ಣೆ, ಎರಡನೆಯದಕ್ಕೆ ಎಣ್ಣೆಯಲ್ಲಿ ಒಂಚೂರು ಔಷಧಿ, ಮೂರನೆಯದಕ್ಕೆ ಜಾಸ್ತಿ. ಪಟಾಲಮ್ಮ ಟವೆಲ್ಲಿನಲ್ಲಿ ಸುತ್ತಿ ಹಿಡಿದರೆ ಮಧುಶ್ರೀ ಬಾಯಿಗೆ ಹಾಕುತ್ತಿದ್ದಳು. ಆಮೇಲೆ ಪೈಪಿನಲ್ಲಿ ಹಲಗೆಗೆ.

ಲೆಕ್ಕ ಹಾಕಿದಾಗ ಮಧುಶ್ರೀ ತಲೆ ಮೇಲೆ ಕೈ ಹೊತ್ತಳು. ಬರೀ ಎಣ್ಣೆ ಕುಡಿದ ಇಲಿಗಳು ಗೋಡೆ ಸಂದಿಯಲ್ಲಿ ನಡುಗಬೇಕಿತ್ತು. ಅವು ಬಯಲಿನಲ್ಲಿ ತಮ್ಮ ಮನೆ ಅಂಗಳದ ಹಾಗೆ ಓಡಾಡಿದ್ದವು. ಒಂಚೂರು ಔಷಧಿ ಕುಡಿದವೂ ಅಷ್ಟೇ. ಹಾಗಾದರೆ ಆ ಒಂಚೂರು ಔಷಧಿ ಮಾಡಿದ್ದೇನು? ಏನೂ ಇಲ್ಲ!

ನರಸಿಂಹರಾಜು ಸರ್ ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಗೂಡು ಅದಲು ಬದಲಾಗಿದೆ. ಆ ಹೆಂಗಸು ಔಷಧಿ ಇಲಿಗಳನ್ನ ಎಣ್ಣೆ ಸಾಲಿಗೆ ಸೇರಿಸಿಬಿಟ್ಟಿದಾಳೆ."

ಪಟಾಲಮ್ಮನನ್ನು ಕರೆಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಕಾಗದ. ನನ್ನ ಅಜಾಗರೂಕತೆಯಿಂದ ಗೂಡುಗಳು ಬೆರೆತಿವೆ, ಕ್ಷಮಿಸಬೇಕು, ಅಂತ.

"ಸೈನ್ ಹಾಕಮ್ಮ. ಕೆಲಸಕ್ಕೇನೂ ತೊಂದರೆ ಮಾಡಲ್ಲ. ಇದು ಇದ್ದರೆ ಹುಡುಗಿ ಮತ್ತೆ ಮೊದಲಿಂದ ಮಾಡಬಹುದು."

"ನಾನ್ ಬೆರ್ಸಿಲ್ಲ ಸಾ."

"ತಿಳಿದು ಮಾಡಿದ್ದೀಯ ಅಂತ ಯಾರೂ ಅಂದಿಲ್ಲವಲ್ಲ."

"ತಿಳ್ದೂ ಮಾಡಿಲ್ಲ, ತಿಳೀದೆನೂ ಮಾಡಿಲ್ಲ."

"ಸೈನ್ ಹಾಕದಿದ್ದರೆ ಮ್ಯಾನೇಜ್‌ಮೆಂಟಿಗೆ ಹೇಳಬೇಕಾಗುತ್ತೆ. ಆಮೇಲೆ ಕೆಲಸ ನನ್ನ ಕೈಯಲ್ಲಿಲ್ಲ."

"ಹೇಳ್ಕಳಿ" ಅಂದು ಪಟಾಲಮ್ಮ ಎದ್ದು ಬಂದಳು.

ಮೂರನೇ ಮಹಡಿಯ ಮಾತು ಕೆಳಗಿಳಿಯುವಷ್ಟರಲ್ಲಿ ಮೀಸೆ ಗಡ್ಡ ಎಲ್ಲ ಬೆಳೆಸಿಕೊಂಡಿತ್ತು. ನರಸಿಂಹರಾಜು ಸರ್ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಇನ್ನೊಬ್ಬ ಮೇಷ್ಟ್ರಿಗೆ, "ನಮ್ಮ ಅಟೆಂಡರಮ್ಮ ಎಲ್ಲಾ ಇಲಿಗೂ ಗಾಂಜಾ ಹಂಚಿಬಿಟ್ಟಿದಾಳೆ ಕಣ್ರೀ" ಅಂತ ನಕ್ಕಿದ್ದೇ ತಡ, ಸಂಜೆಗೆ ಅದು ಗಾಂಜಾ ಕದ್ದಳು ಅಂತಾಯಿತು. ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಯಾವನೋ ಹುಡುಗ, "ಆಂಟಿ, ಒಂದು ಪೊಟ್ಟಣ ಐತಾ?" ಅಂದ. ಪಟಾಲಮ್ಮ ಅವನ ಕೊರಳಪಟ್ಟಿ ಹಿಡಿದು ಕೇಳಿದಳು, "ಐತೆ, ಬಾ. ಎರಡು ಕೆನ್ನೆಗೂ ಕೊಡ್ತೀನಿ, ಯಾವ್ದ್ರಿಂದ ಶುರು ಮಾಡ್ಲಿ?"

ಮನೆಯಲ್ಲಿ ಗಂಡ ಚಿಕ್ಕಹನುಮಯ್ಯನದು ಬೇರೆ ರಾಗ. ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊರುವ ಮನುಷ್ಯ, ಜಗಳ ಅಂದರೆ ಆಗದು. "ಒಂದ್ ಸೈನ್ ತಾನೆ, ಹಾಕ್ಬುಡು. ಇಲಿ ವಿಚಾರ್ಕೆ ಕೆಲ್ಸ ಕಳ್ಕಂತಾರಾ?"

"ಇಲಿ ವಿಚಾರ ಅಲ್ಲ ಕಣಯ್ಯ, ನನ್ ಕೈ ವಿಚಾರ. ಆರ್ ವರ್ಸ್ದಲ್ಲಿ ಒಂದ್ ಗೂಡಿನ್ ಚೀಟಿ ತಪ್ಪಿಲ್ಲ. ಇವತ್ತು ತಪ್ಪೈತೆ ಅಂತ ನಾನೇ ಬರ್ಕೊಟ್ರೆ, ನಾಳೆ ಅಲ್ಲಿ ಕಡ್ಡಿ ಕಳೆದ್ರೂ ನನ್ನೇ ಹಿಡೀತಾರೆ. ನೀನ್ ಉಣ್ಣು ಸುಮ್ಕೆ."

ಅವಳಿಗೇನೋ ಕೊರೆಯುತ್ತಿತ್ತು. ಮೂರು ದಿನ ಗೂಡುಗಳ ಮುಂದೆ ಕೂತು ನೋಡಿದಳು. ನಾಲ್ಕನೆಯ ದಿನ ಸೀದಾ ಸರ್ ರೂಮಿಗೆ ಹೋದಳು. ಮಧುಶ್ರೀಯೂ ಅಲ್ಲೇ ಇದ್ದಳು.

"ಸಾ, ಒಂದ್ ಮಾತು. ಜಾಸ್ತಿ ಔಸ್ದಿ ಕುಡ್ದ ಮೂರ್ನೇ ಸಾಲಿನ ಹತ್ತೂ ಇಲಿ ಏನ್ ಮಾಡಿದ್ವು?"

"ಮೂಲೇಲಿ ಕೂತಿದ್ದವು. ಅದು ಪುಸ್ತಕದಲ್ಲಿರೋ ಹಾಗೇ ಬಂದಿದೆ."

"ನಾನು ಗೂಡು ಬೆರ್ಸಿದ್ರೆ ಅದ್ರಾಗೂ ಒಂದೆರಡು ಬಯಲ್ಗೆ ಬರ್ಬೇಕಿತ್ತಲ್ವಾ? ಹತ್ತಕ್ಕೆ ಹತ್ತೂ ಯಾಕ್ ಮೂಲೆ ಹಿಡುದ್ವು? ಮೊದ್ಲೆರಡು ಸಾಲೇ ಅದ್ಲು ಬದ್ಲಾಗಿದ್ರೂ ಎಣ್ಣೆ ಕುಡ್ದವು ಎಲ್ಲಾದ್ರೂ ಅವಿತಿರ್ಬೇಕಿತ್ತು, ಆ ಇಪ್ಪತ್ರಾಗೆ ಒಂದೂ ಅವಿತಿಲ್ಲ."

ಮಧುಶ್ರೀ ಕುರ್ಚಿಯಿಂದ ಎದ್ದೇಬಿಟ್ಟಳು. "ಅವುನು ಸರ್! ಅಕ್ಕ ಹೇಳ್ತಿರೋದು ಕರೆಕ್ಟು!"

"ಎಣ್ಣೆ ಕುಡ್ದಿದ್ವು ಹೆದ್ರಿಲ್ಲ ಅಂದ್ರೆ, ಅವು ಮೊದ್ಲೇ ಹೆದ್ರಿರ್ಲಿಲ್ಲ ಸಾ. ಹೆದ್ರಿಕೇನೇ ಇಲ್ದಿರೋವಾಗ ಹೆದ್ರಿಕೆ ಇಳಿಸೋ ಔಸ್ದಿ ಏನ್ ಮಾಡ್ತೈತೆ? ತಲೆನೋವಿಲ್ದೋನ್ಗೆ ತಲೆನೋವಿನ್ ಮಾತ್ರೆ ಕೊಟ್ಟಂಗೆ. ನಾನು ಬಾಲ ಹಿಡಿಯಲ್ಲ. ಪೈಪಲ್ಲಿ ಕರ್ಕಂಡ್ ಬತ್ತೀನಿ. ಅಷ್ಟೇಯ."

"ಪೈಪಾ?" ಅಂದರು ಸರ್. ಪಾಪ, ಆರು ವರ್ಷದಲ್ಲಿ ಅವರು ಇಲಿಮನೆಗೆ ಕಾಲಿಟ್ಟಿದ್ದು ತನಿಖೆಯವರು ಬಂದಾಗ ಮಾತ್ರ. "ಪೈಪಿಂದ ಸೈನ್ಸ್ ಬದಲಾಗುತ್ತೇನಮ್ಮ? ಸುಮ್ಮನೆ ಕಥೆ ಕಟ್ಟಬೇಡ."

"ಕಥೆ ಅಂದ್ರೆ ನೋಡೇ ಬುಡಿ. ಮೊನ್ನೆ ವ್ಯಾನಲ್ಲಿ ಹನ್ನೆರಡು ಹೊಸಾವು ಬಂದವೆ. ಆರು ನಂಗೆ, ಆರು ಕದಿರಣ್ಣಂಗೆ. ಔಸ್ದಿ ಬ್ಯಾಡ, ಎಣ್ಣೆ ಬ್ಯಾಡ. ಹತ್ತು ದಿನ. ಆಮೇಲೆ ಹಲ್ಗೆ ಮ್ಯಾಲೆ ಬುಡಿ. ನಂದು ಸುಳ್ಳಾದ್ರೆ ಆ ಕಾಗ್ದಕ್ಕೆ ಸೈನೇನು, ಹೆಬ್ಬೆಟ್ಟೂ ಒತ್ತಿ ಹೋಗ್ತೀನಿ."

ಮಧುಶ್ರೀ ಕಮಿಟಿಯಿಂದ ಒಪ್ಪಿಗೆ ತಂದಳು. ಹತ್ತು ದಿನ ಒಂದೇ ಕೋಣೆಯಲ್ಲಿ ಎರಡು ಕೈಗಳ ಕೆಲಸ ನಡೆಯಿತು. ಒಂದು ಕಡೆ ಪೈಪು, ಇನ್ನೊಂದು ಕಡೆ ಕದಿರಯ್ಯನ ಎರಡು ಬೆರಳು. ಕದಿರಯ್ಯನಿಗೆ ಮೂರನೆಯ ದಿನಕ್ಕೇ ಒಂದು ಕಚ್ಚಿತು. "ನಿನ್ನವು ಯಾಕಮ್ಮಿ ಕಚ್ಚಲ್ಲ?" ಅಂತ ಬೆರಳು ಚೀಪುತ್ತಾ ಕೇಳಿದ. "ಕೇಳು ಅವುನ್ನೇ" ಅಂದಳು ಪಟಾಲಮ್ಮ.

ಹನ್ನೊಂದನೆಯ ದಿನ ಸರ್ ತಾವೇ ಕ್ಯಾಮೆರಾ ಪರದೆಯ ಮುಂದೆ ಸ್ಟಾಪ್‌ವಾಚ್ ಹಿಡಿದು ಕೂತರು. ಯಾವುದು ಯಾರ ಇಲಿ ಅಂತ ಅವರಿಗೆ ಹೇಳಿರಲಿಲ್ಲ. ಇಲಿಗಳನ್ನು ಹಲಗೆಗೆ ಬಿಡುತ್ತಾ ಮಧುಶ್ರೀ ಬರೀ ನಂಬರ್ ಕೂಗುತ್ತಿದ್ದಳು. ಪಟಾಲಮ್ಮನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಗಟ್ಟಿಗಿತ್ತಿ ಅಂದರೆ ಗಟ್ಟಿಗಿತ್ತಿ, ಆದರೆ ಆ ಒಂದು ಗಂಟೆ ಆಕೆ ಸೆರಗಿನ ತುದಿಯನ್ನು ಬಿಚ್ಚಿ ಗಂಟು ಹಾಕಿ, ಬಿಚ್ಚಿ ಗಂಟು ಹಾಕಿ, ದಾರ ಎದ್ದು ಹೋಯಿತು. ಇಲಿಗಳ ಬಗ್ಗೆ ಅನುಮಾನವಿರಲಿಲ್ಲ. ಆದರೂ ಹೊಸ ಇಲಿಗಳು, ಹತ್ತೇ ದಿನ. ಕೈಕೊಟ್ಟರೆ?

ಹನ್ನೆರಡೂ ಮುಗಿದ ಮೇಲೆ ಸರ್ ಒಂದು ಹಾಳೆಯಲ್ಲಿ ಎರಡು ಗುಂಪು ಮಾಡಿದರು. ಬಯಲಿಗೆ ಬಂದವು, ಬಾರದವು. ಯಾವ ನಂಬರ್ ಯಾರದು ಅಂತ ಬರೆದಿಟ್ಟಿದ್ದ ಚೀಟಿಯನ್ನು ಮಧುಶ್ರೀ ಬಿಚ್ಚಿದಳು. ಬಯಲಿಗೆ ಬಂದಿದ್ದು ಆರು. ಅದರಲ್ಲಿ ಐದು ಪಟಾಲಮ್ಮನವು, ಒಂದು ಕದಿರಯ್ಯನದು. ಮೂಲೆ ಹಿಡಿದ ಆರರಲ್ಲಿ ಐದು ಕದಿರಯ್ಯನವು.

"ಅಕ್ಕಾ! ಚೂಡು, ಚೂಡು!" ಅಂತ ಮಧುಶ್ರೀ ಹಾಳೆ ಹಿಡಿದು ಓಡಿ ಬಂದಳು.

"ನಂದು ಆ ಒಂದು ಯಾಕೆ ಬರ್ಲಿಲ್ಲ?" ಅಂದಳು ಪಟಾಲಮ್ಮ, ದೊಡ್ಡ ಉಸಿರು ಬಿಟ್ಟು. "ಗೊತ್ತು ಬುಡು. ಕಿವಿ ಹರ್ದಿರೋದು. ಅದು ವ್ಯಾನಿಂದ ಇಳಿಯೋವಾಗ್ಲೇ ಪುಕ್ಲು."

ನರಸಿಂಹರಾಜು ಸರ್ ಹಾಳೆಯ ಮೇಲಿನ ನಂಬರುಗಳನ್ನು ಇನ್ನೊಮ್ಮೆ ಎಣಿಸಿದರು. ಕೊನೆಗೆ ಡ್ರಾಯರಿನಿಂದ ಆ ಟೈಪ್ ಕಾಗದ ತೆಗೆದು ಹರಿದು ಬುಟ್ಟಿಗೆ ಹಾಕಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಸರಿ. ಆದ್ದರಿಂದ ನಾಳೆಯಿಂದ ಎಲ್ಲ ಇಲಿನೂ ಬಾಲ ಹಿಡಿದೇ ಎತ್ತಬೇಕು ಪಟಾಲಮ್ಮ. ಹೆದರಿಕೆ ಇದ್ದರೆ ತಾನೆ ಔಷಧಿ ಏನು ಮಾಡುತ್ತೆ ಅಂತ ಗೊತ್ತಾಗೋದು?"

"ನಾನ್ ಎತ್ತಲ್ಲ ಸಾ."

"ಮತ್ತೆ ಶುರು ಮಾಡಿದೆಯಾ?"

"ಔಸ್ದಿ ಕೆಲ್ಸ ಮಾಡ್ಬೇಕು ಅಂತ ನಾನು ಹೋಗಿ ಅವುನ್ನ ಹೆದ್ರಿಸ್ಬೇಕಾ? ಅದು ನನ್ ಕೈಲಾಗಲ್ಲ. ಬೇಕಾದ್ರೆ ಬೇರೆ ಕೈ ನೋಡ್ಕಳಿ."

ಇಬ್ಬರ ನಡುವೆ ಮಧುಶ್ರೀ ನುಗ್ಗಿದಳು. "ಸರ್, ಎರಡನ್ನೂ ಇಟ್ಟುಕೊಳ್ಳೋಣ. ಅರ್ಧ ಇಲಿಗೆ ಕದಿರಣ್ಣನ ಕೈ, ಅರ್ಧಕ್ಕೆ ಅಕ್ಕನ ಪೈಪು. ಒಂಚೂರು ಔಷಧಿ ಮಾಡೋ ಕೆಲಸ ದೊಡ್ಡದಾ, ಕೈ ಮಾಡೋ ಕೆಲಸ ದೊಡ್ಡದಾ? ಇದನ್ನೇ ಕೇಳೋಣ ಸರ್. ಬರೀ ಗಾಂಜಾ ಸತ್ವಕ್ಕಿಂತ ಇದೇ ಒಳ್ಳೆ ಥೀಸಿಸ್ಸು!"

ಸರ್ ಗಡ್ಡ ಕೆರೆದುಕೊಂಡರು. ಸರ್ ಗಡ್ಡ ಕೆರೆದುಕೊಂಡರೆ ಒಪ್ಪಿದರು ಅಂತ ಅರ್ಥ, ಇದು ಮೂರನೇ ಮಹಡಿಗೆಲ್ಲ ಗೊತ್ತು. "ಆಯ್ತು, ಕೆಲಸ ನೋಡಿ ಹೋಗಿ" ಅಂದರು.

ಪಟಾಲಮ್ಮ ಕದಲಲಿಲ್ಲ.

"ಇನ್ನೇನಮ್ಮ?"

"ಕ್ಯಾಂಟೀನಲ್ಲಿ ಅಂದಿದ್ರಲ್ಲ, ಗಾಂಜಾ ಹಂಚವ್ಳೆ ಅಂತ. ಅಲ್ಲೇ ಬಂದು ಹೇಳ್ಬೇಕು, ಹಂಚಿಲ್ಲ ಅಂತ."

"ಏಯ್, ಅದು ತಮಾಷೆಗೆ ಅಂದಿದ್ದು."

"ಬಸ್ ಸ್ಟಾಪಲ್ಲಿ ಐಕಳು ಪೊಟ್ಣ ಕೇಳ್ತಾರೆ ಸಾ. ತಮಾಸೆ ನಿಮ್ದು, ಹೆಸ್ರು ನಂದು. ನೀವ್ ಬರೋವರ್ಗೂ ನಾನು ಮೆಟ್ಲು ಹತ್ತಲ್ಲ. ಇಲಿಗಳ ಮೇವಿನ್ ಹೊತ್ತು ಹನ್ನೆರಡಕ್ಕೆ. ನೋಡ್ಕಳಿ."

ಇಳಿದು ಹೋಗಿ ಕ್ಯಾಂಟೀನಿನಲ್ಲಿ ಕೂತಳು. ಕ್ಯಾಂಟೀನ್ ಭಾಯಿ ಚಹಾ ತಂದಿಟ್ಟು, "ಅರೆ ಅಮ್ಮ, ಈ ಹೊತ್ನಾಗೆ ನೀನು ಇಲ್ಲಿ? ಕ್ಯಾ ಬಾತ್ ಹೈ?" ಅಂದ. "ಸಾಯೇಬ್ರು ಬತ್ತಾರೆ, ಅವ್ರಿಗೂ ಒಂದು ಹಾಕಿಡು" ಅಂದಳು. ಮೇಜುಗಳೆಲ್ಲ ತುಂಬಿದ್ದವು. ಸುದ್ದಿ ಅಷ್ಟರಲ್ಲೇ ಕಿವಿಯಿಂದ ಕಿವಿಗೆ ತಲುಪಿತ್ತು, ಯಾರೂ ಏಳುತ್ತಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ನರಸಿಂಹರಾಜು ಸರ್ ಬಂದರು. ಬಾಗಿಲಲ್ಲೇ ನಿಂತು, ಕನ್ನಡಕ ಒರೆಸಿಕೊಳ್ಳುತ್ತಾ, ನೆಲ ನೋಡುತ್ತಾ ಅಂದರು, "ಪಟಾಲಮ್ಮ ಏನೂ ಬೆರೆಸಿಲ್ಲ. ಔಷಧಿ ಒಂದು ಹನಿನೂ ಆಚೆ ಹೋಗಿಲ್ಲ. ತಪ್ಪು ತಿಳಿದಿದ್ದು ನಾನು."

ಕೊನೆಯ ಮೇಜಿನವರು ಕತ್ತು ಚಾಚಿದರು.

ಪಟಾಲಮ್ಮ ಲೋಟ ಕೆಳಗಿಟ್ಟು ಹಿಂದೆ ತಿರುಗಿ ನೋಡಿದಳು. "ಸಾ, ಆ ಕಡೇ ಮೇಜ್ನೋರ್ಗೆ ಕೇಳ್ಸಿಲ್ಲ ಅನ್ಸತ್ತೆ. ಇನ್ನೊಂದ್ ಸರ್ತಿ ಅಂದ್ಬುಡಿ, ಒಸಿ ಜೋರಾಗಿ."