ಡಬ್ಬಿ ಕೆಡವಿದ ಹುಡುಗಿ

ನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕೆಲಸದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ನಮ್ಮ ಓಣಿಯ ಮಗ್ಗದವರ ಸೀರೆ ಮಾರುವ ವೆಬ್‌ಸೈಟ್ ಅವಳದೇ ಕೆಲಸ. ನನ್ನ ಸೊಸೆ ನೇಯ್ದ ಸೀರೆಗಳಿಗೂ ಅದರಲ್ಲೇ ಆರ್ಡರ್ ಬರುತ್ತಿದ್ದವು. ನಾವು ರೇಷ್ಮೆ ಮುಟ್ಟುವ ಮೊದಲು ಕೈ ತೊಳೆಯುವುದನ್ನು ನೋಡಿ, ಅವಳೂ ಕೀಬೋರ್ಡ್ ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದಳು. ವೆಬ್‌ಸೈಟ್ ನಡೆಯುವುದು ಕಂಟೇನರ್‌ಗಳಲ್ಲಿ ಅನ್ನುತ್ತಿದ್ದಳು; ಹಾಗಂದರೇನು ಎಂದು ಕೇಳಿದರೆ, “ಡಬ್ಬಿ ಇದ್ದಂಗ್ರಿ ಅವ್ವ, ಒಂದೊಂದು ಡಬ್ಬಿಗೆ ಒಂದೊಂದು ಕೆಲಸ,” ಅನ್ನುತ್ತಿದ್ದಳು. ಸೀರೆ ತೋರಿಸಲು ಒಂದು, ಆರ್ಡರ್ ಹಿಡಿಯಲು ಇನ್ನೊಂದು.

ಹಬ್ಬ ಹತ್ತಿರ ಬಂದಾಗ ವೆಬ್‌ಸೈಟ್ ತೆರೆಯಲೇ ಇಲ್ಲ. ಅವಳು ಕೈ ತೊಳೆದು ಬಂದು, “ಎಲ್ಲಾ ಡಬ್ಬಿ ಕೆಡವಿ ಹೊಸದಾಗಿ ಏರಸ್ತೀನ್ರಿ,” ಅಂದಳು.

“ಏ ಹುಚ್ಚಿ, ನನ್ನ ಸೊಸಿಗೆ ಬಂದ ಆರ್ಡರ್ ಎಲ್ಲಾ ಅದರಾಗ ಅದಾವ!” ಎಂದೆ. ಅವು ಹೋದರೆ ನೇಯ್ದ ಸೀರೆ ಯಾರಿಗೆ ಕಳಿಸಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವಳು ಕೆಡವಿಯೇ ಬಿಟ್ಟಿದ್ದಳು. ಪರದೆ ಖಾಲಿ. ನಾನು ಪಕ್ಕದಲ್ಲೇ ನಿಂತಿದ್ದ ಸೊಸೆಯ ಕೈ ಹಿಡಿದುಕೊಂಡೆ. ಜಗಳವಾಡಿ ಅಲ್ಲಿಯವರೆಗೆ ವಾರವೆಲ್ಲ ಅತ್ತೆ-ಸೊಸೆ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಡಬ್ಬಿಗಳು ಒಂದರ ಹಿಂದೆ ಒಂದು ಎದ್ದವು. ಪರದೆಯ ಮೇಲೆ ಸೀರೆ ಬಂದವು, ಹಳೆಯ ಆರ್ಡರೂ ಬಂದವು. ಒಂದೂ ಕಳೆದಿರಲಿಲ್ಲ.

“ಆರ್ಡರ್‌ನ ಡಬ್ಬಿಯೊಳಗ ಇಡಂಗಿಲ್ರಿ ಅವ್ವ. ಬ್ಯಾರೆ ಕಡೆ ಜ್ವಾಪಾನ ಇಟ್ಟೀನಿ. ಡಬ್ಬಿ ಹೋದ್ರ ಹೋಗ್ಲಿ,” ಅಂದಳು ಹುಡುಗಿ.

“ಮೊದ್ಲ ಹೇಳಾಕ ಏನಾಗಿತ್ತು ನಿನಗ?” ಎಂದು ಬೈದು ಸೊಸೆಯ ಕೈ ಬಿಟ್ಟೆ.

“ಚಾ ಮಾಡ್ಲೇನ್ರಿ ಅತ್ತಿ?” ಎಂದಳು ಸೊಸೆ.

“ಮಾಡು. ಆಕಿಗೂ ಒಂದು ಕೊಡು,” ಅಂದೆ.