ಒಂದೇ ಕಾಲುವೆಯ ಎರಡು ಕೇಬಲ್

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ಮೊದಲ ತಂತಿಯಿಂದ ಕಟ್ಟಿ ಬೆಳೆಸಿದವರು, ಕಸ ಗುಡಿಸುವವರಿಂದ ಹಿಡಿದು ಹಿರಿಯ ಶಸ್ತ್ರವೈದ್ಯರವರೆಗೆ ಎಲ್ಲರ ಬಾಯಲ್ಲೂ ‘ತಂತಿ ಮೇಷ್ಟ್ರು’ ಆಗಿರುವ ಹಿರಿಯರು, ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಭಿನಂದನೆ ಬರೆಯಲೆಂದು ಕುಳಿತರೆ ನನಗೆ ನೆನಪಾಗುವುದು ನೆಲದಡಿಯ ಎರಡು ಕೇಬಲ್ಲುಗಳೇ.

ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ನನಗೆ ಪಾಠವಾದದ್ದು ನೆಲಮಾಳಿಗೆಯಲ್ಲಿ, ಅವರು ಏಣಿಯ ಮೇಲೆ, ನಾನು ಏಣಿ ಹಿಡಿದುಕೊಂಡು. ಪ್ರತಿ ಮಹಡಿಯ ಕಂಪ್ಯೂಟರುಗಳು ಆ ಮಹಡಿಯ ಸ್ವಿಚ್ಚೆಂಬ ತಂತಿ ಕೂಡುವ ಪೆಟ್ಟಿಗೆಗೆ, ಸ್ವಿಚ್ಚುಗಳೆಲ್ಲ ಕೆಳಗಿನ ಮುಖ್ಯ ಕೋಣೆಗೆ. ಕಳಿಸಿದ ವರದಿ ಚೂರುಚೂರಾಗಿ, ಪ್ರತಿ ಚೂರೂ ತಲುಪಬೇಕಾದ ವಿಳಾಸ ಹೊತ್ತು ಹೊರಟು, ಆ ತುದಿಯಲ್ಲಿ ಮತ್ತೆ ಒಂದಾಗುತ್ತದೆ.

“ಒಂದು ದಾರಿ ಮುಚ್ಚಿದ್ರೆ ರೌಟರ್ ಇನ್ನೊಂದು ಹುಡುಕತ್ತೆ. ಆದ್ರೆ ಇನ್ನೊಂದು ಅನ್ನೋದು ಇರ್ಬೇಕಲ್ಲಮ್ಮಾ!” ಎಂದಿದ್ದರು.

ಹೊಸ ಕಟ್ಟಡಕ್ಕೆ ಎರಡು ಕೇಬಲ್ ಎಳೆಯುವಾಗ ಬೇರೆಬೇರೆ ಕಡೆ ಅಗೆಯಿರೆಂದು ಅವರು ಅಂಗಲಾಚಿದರು. “ಎರಡಿದೆಯಲ್ಲ, ಸಾಕು ಬಿಡ್ರೀ,” ಎಂದ ಆಡಳಿತಾಧಿಕಾರಿಗಳು ಎರಡನ್ನೂ ಒಂದೇ ಕಾಲುವೆಯಲ್ಲಿ ಹೂಳಿಸಿದರು. ಪೈಪು ಹಾಕಲು ಬಂದ ಅಗೆಯುವ ಯಂತ್ರ ಒಂದೇ ಏಟಿಗೆ ಎರಡನ್ನೂ ಕಿತ್ತಿತು. ಆಗ ಹೊಸ ಕಟ್ಟಡದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದವರು ನನ್ನ ಅಮ್ಮ. ರಕ್ತನಿಧಿ ಇದ್ದದ್ದು ಹಳೆಯ ಕಟ್ಟಡದಲ್ಲಿ. ಬಾಯಿಮಾತಿನ ಮೇಲೆ ರಕ್ತ ಏರಿಸುವಂತಿಲ್ಲ; ರಕ್ತ ಹೊಂದುತ್ತದೆಂಬ ವರದಿ ಬರಬೇಕಾದದ್ದು ಆ ಕೇಬಲ್ಲಿನಲ್ಲೇ. ಮಂಡಿನೋವಿನ ಮೇಷ್ಟ್ರು ವರದಿ ಹಿಡಿದು ಅಂಗಳ ದಾಟಿ, ಮೆಟ್ಟಿಲು ಹತ್ತಿ ಬಂದರು. “ಇವತ್ತು ನಾನೇ ಕೇಬಲ್ಲು,” ಎಂದು ನಗಲು ಹೋಗಿ ಕೆಮ್ಮಿದರು. ಅಮ್ಮ ಉಳಿದರು.

ಕಿತ್ತ ಕೇಬಲ್ಲುಗಳನ್ನು ಬೆಸೆದು ಮತ್ತೆ ಅದೇ ಕಾಲುವೆಗೆ ಇಳಿಸಲಾಯಿತು. ನನ್ನನ್ನು ದಾಖಲೆ ವಿಭಾಗಕ್ಕೆ ಎತ್ತಿಹಾಕಿದರು. ಮೇಷ್ಟ್ರು ನನ್ನ ಜಾಗಕ್ಕೆ ಇನ್ನೊಬ್ಬರನ್ನು ಕೊಡಿರೆಂದು ಕೇಳಿಕೇಳಿ ಸೋತರು. ಈಗ ಅವರ ಕುರ್ಚಿಗೂ ಯಾರೂ ಬರುವುದಿಲ್ಲವಂತೆ. ಬಾಗಿಲಿಗೆ ಯಾವುದೋ ಹೊರಗಿನ ಕಂಪನಿಯ ನಂಬರು ಅಂಟಿಸಿದ್ದಾರೆ. ನಾನು ಕರೆ ಮಾಡಿ ನೋಡಿದೆ. ಕಾಯಿರಿ ಎಂದು ಯಂತ್ರ ಹೇಳುತ್ತಲೇ ಇತ್ತು.

ಮೇಷ್ಟ್ರೇ, ಎಲ್ಲದಕ್ಕೂ ಎರಡು ದಾರಿ ಬೇಕೆಂದ ನೀವೇ ನಮಗಿದ್ದ ಒಂದೇ ದಾರಿಯಾದಿರಿ. ನಿಮ್ಮ ಮಂಡಿಗೆ ವಿಶ್ರಾಂತಿ ಸಿಗಲಿ, ಆಯಸ್ಸು ಗಟ್ಟಿಯಾಗಿರಲಿ, ಕಲಿಯಬೇಕೆನ್ನುವ ಯಾರಿಗಾದರೂ ನೀವು ಇನ್ನೂ ಬಹುಕಾಲ ಕಲಿಸುತ್ತಿರಿ. ಬರುವ ತಿಂಗಳು ಅದೇ ಕಟ್ಟಡದಲ್ಲಿ ಅಮ್ಮನಿಗೆ ಇನ್ನೊಂದು ಶಸ್ತ್ರಚಿಕಿತ್ಸೆಯಿದೆ. ಆ ದಿನ ರಜೆ ಹಾಕಿದ್ದೇನೆ. ರಕ್ತನಿಧಿಯ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ.