ಎರಡೂ ಕಡೆಗೆ ಬೇಡವಾದ ಕೆಸರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಳಿತದ ಹೊತ್ತು. ನೀರು ಹಿಂದೆ ಸರಿದು ಕಾಲುವೆಯ ಎರಡೂ ದಡದಲ್ಲಿ ಕಪ್ಪು ಕೆಸರು ಮಿರಿಮಿರಿ ಹೊಳೆಯುತ್ತಿದೆ. ಮೊಣಕಾಲು ಮುಳುಗುವ ಆ ಕೆಸರಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಗ್ಗಿ ನಿಂತು, ಬೇರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಹಗ್ಗವನ್ನು ಜಡೆ ಬಿಡಿಸುವ ಹಾಗೆ ನಿಧಾನಕ್ಕೆ ಬಿಡಿಸುತ್ತಿದ್ದಾರೆ. ಮೈಮೇಲೆ ತುಂಬುತೋಳಿನ ಹಳೆಯ ಅಂಗಿ. ಕಾಲಿಗೆ ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ, ಚಿಪ್ಪು ತಾಗಿ ಪಾದ ಸೀಳದಿರಲಿ ಎಂದು.

"ಬೂಟು ಕೊಟ್ಟಿದ್ರು ಸಾರ್. ಮೊದಲನೇ ದಿನಾನೇ ಒಂದನ್ನ ಕೆಸರು ನುಂಗ್ಕೊಂಡುಬಿಡ್ತು. ಇನ್ನೊಂದನ್ನ ಅಲ್ಲೇ ಎಸೆಯೋಣ ಅಂದ್ರೆ, ಇಲ್ಲಿ ಕಸ ಹೆಕ್ಕೋಳು ನಾನೇ ಅಲ್ವಾ!" ಎಂದು ನಗುತ್ತಾರೆ. ನಗುವುದಕ್ಕೆ ಜೊತೆ ಸಿಕ್ಕಿ ಬಹಳ ಕಾಲವಾದಂತೆ, ತುಸು ಹೆಚ್ಚೇ ನಗುತ್ತಾರೆ.

ನಗರದ ನಟ್ಟನಡುವೆ ಉಳಿದುಕೊಂಡಿರುವ ಈ ಕಾಂಡ್ಲಾ ಕಾಡಿನಲ್ಲಿ ಅವರು ದಿನಗೂಲಿ ಕಾವಲುಗಾರ್ತಿ. ಉಪ್ಪುನೀರಿನಲ್ಲೇ ನಿಂತು ಬೆಳೆಯುವ ಮರಗಳಿವು. ಕೆಸರಿನೊಳಗೆ ಉಸಿರು ಸಾಲದ ಬೇರುಗಳು ನೆಲದಿಂದ ಮೇಲಕ್ಕೆ ಬೆರಳುಗಳಂತೆ ಚಾಚಿಕೊಂಡಿವೆ. ಸಮುದ್ರದ ನೀರು ಏರಿ ಭರತ ಬಂದಾಗಲೆಲ್ಲ ಊರಿನ ಕಸ ಆ ಬೆರಳುಗಳ ಸಂದಿಗೆ ಬಂದು ಕೂರುತ್ತದೆ. ಹಾಲಿನ ಪ್ಯಾಕೆಟ್ಟು, ಒಂಟಿ ಚಪ್ಪಲಿ, ಔಷಧಿ ಬಾಟಲಿ. ದಿನಕ್ಕೆ ಏಳೆಂಟು ಗೋಣಿಚೀಲ ತುಂಬುತ್ತದೆ. ಕಸದ ಕೆಲಸ ಮುಗಿದ ಮೇಲೆ, ಮರದಿಂದ ಉದುರಿದ ಉದ್ದುದ್ದ ಬೀಜದ ಕೋಡುಗಳನ್ನು ಆಯ್ದು ತಂದು ಸಸಿ ಮಾಡಿ ಖಾಲಿ ಜಾಗಕ್ಕೆ ನೆಡಬೇಕು. ನೆಟ್ಟದ್ದರಲ್ಲಿ ಅರ್ಧ ಉಳಿದರೆ ದೊಡ್ಡದು. ಕಾಲುವೆಯ ಈಚೆ ದಡದಲ್ಲಿ ಅವರ ಮನೆಯಿರುವ ಬೀದಿಯವರು ಇಟ್ಟಿರುವ ಹೆಸರು ಕೆಸರಕ್ಕ. ಮೊದಲು ಪ್ರೀತಿಯಿಂದ ಕರೆಯುತ್ತಿದ್ದರು. ಈಗ ಕರೆಯುವವರೇ ಇಲ್ಲ.

ಕೆಸರಕ್ಕನ ಗಂಡ ಹಡಗಿನ ಕೆಲಸಕ್ಕೆಂದು ಹೋದವರು ಬೇರೆ ಬಂದರಿನಲ್ಲಿ ಬೇರೆ ಸಂಸಾರ ಹೂಡಿದ್ದಾರೆ. "ಚೆನ್ನಾಗಿದಾರಂತೆ" ಎನ್ನುವುದರಲ್ಲೇ ಆ ವಿಷಯ ಮುಗಿಸುತ್ತಾರೆ. ಒಬ್ಬಂಟಿಯಾದ ಅಕ್ಕನನ್ನು ತಂಗಿ ತನ್ನ ಪಕ್ಕದ ಕೋಣೆಗೇ ಕರೆಸಿಕೊಂಡಳು. ತಂಗಿಯ ಗಂಡ ವೆಲ್ಡಿಂಗ್ ಕೆಲಸದವನು, ಎರಡು ಮನೆಗಳ ನಡುವಿನ ಗೋಡೆ ಒಡೆದು ಬಾಗಿಲು ಇಟ್ಟುಕೊಟ್ಟ. ಕಾಡಿನ ಕೆಲಸ ಹುಡುಕಿಕೊಟ್ಟವನೂ ಅವನೇ. ಹೆಸರಿಗೆ ಎರಡು ಮನೆ, ಒಲೆ ಒಂದೇ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಆಸ್ಪತ್ರೆ ದೂರವಿಲ್ಲ, ಮರಗಳ ಆಚೆ ಅದರ ಕಟ್ಟಡ ಕಾಣುತ್ತದೆ. ಆದರೆ ಆಂಬುಲೆನ್ಸು ಇಡೀ ಕಾಲುವೆ ಸುತ್ತಿ ಬಂದು, ಮತ್ತೆ ಸುತ್ತಿ ಹೋಗಬೇಕು. ಅವನ ಜೀವ ದಾರಿಯಲ್ಲೇ ಹೋಯಿತು.

ಅಲ್ಲಿಂದ ಬೀದಿ ಕೆರಳಿತು. ಕಾಡು ಕಡಿದು, ಮಣ್ಣು ತುಂಬಿ, ಆಸ್ಪತ್ರೆಗೆ ನೇರ ರಸ್ತೆ ಮಾಡಬೇಕು ಎಂದು ಮನವಿ ಕೊಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ದಿನ ತಾವೇ ಕೊಡಲಿ, ಗರಗಸ ಹಿಡಿದು ಕಾಡಿಗೆ ಇಳಿದರು. ಎಲ್ಲರಿಗಿಂತ ಮುಂದೆ ತಂಗಿ.

"ಅಕ್ಕಾ, ಇವತ್ತು ಒಂದಿನ ನೀನು ಕೆಲಸಕ್ಕೆ ಬಂದಿಲ್ಲ ಅಂದ್ಕೋ" ಅಂದಳಂತೆ.

"ಬಂದಿದೀನಲ್ಲೇ" ಅಂದರಂತೆ ಇವರು.

ಕೆಸರಕ್ಕ ಅರಣ್ಯ ಇಲಾಖೆಯ ಕಚೇರಿಗೆ ಫೋನು ಮಾಡಿದರು. "ಮಾಡ್ದೇ ಇರೋಕೆ ಆಗ್ತಿತ್ತಾ? ಅದಕ್ಕೇ ಅಲ್ವಾ ನನ್ನನ್ನ ಅಲ್ಲಿ ನಿಲ್ಸಿರೋದು." ಅಧಿಕಾರಿಗಳು ಬಂದರು, ಕೇಸು ಹಾಕಿದರು. ತಂಗಿ ಒಂದು ಹಗಲೆಲ್ಲ ಠಾಣೆಯಲ್ಲಿ ಕೂತು ಬಂದಳು. ಆ ಸಂಜೆ ನಡುವಿನ ಬಾಗಿಲಿಗೆ ಆಚೆಯಿಂದ ಚಿಲಕ ಬಿತ್ತು. ಆ ವಾರವೇ ಬಾಗಿಲಿದ್ದ ಜಾಗದಲ್ಲಿ ಇಟ್ಟಿಗೆ ಎದ್ದಿತು.

ಕಾಡು ಉಳಿಸುವ ಗುಂಪಿನವರಿಗೆ ಕೆಸರಕ್ಕ ರಾತ್ರೋರಾತ್ರಿ ಬೇಕಾದವರಾದರು. ಸಭೆಗಳಲ್ಲಿ ಶಾಲು ಹೊದಿಸಿದರು, ಫೋಟೊ ತೆಗೆಸಿಕೊಂಡರು. ಗಲಾಟೆಯಾದ ಮೇಲೆ ಸರ್ಕಾರದವರು ರಸ್ತೆಯ ಬಗ್ಗೆ ಜನರ ಅಹವಾಲು ಕೇಳಲು ಒಂದು ದಿನ ಇಟ್ಟರು. ಆ ದಿನ ತಮ್ಮ ಪರವಾಗಿ ಮಾತಾಡಲು ಅವರನ್ನೇ ಕಾರಿನಲ್ಲಿ ಕರೆದೊಯ್ದರು. ಎಂಜಿನಿಯರರ ನಕ್ಷೆಯಲ್ಲಿ ಮೂರು ದಾರಿಗಳಿದ್ದವು. ಮಣ್ಣು ತುಂಬಿ ಅಗಲವಾದ ರಸ್ತೆ, ಕಂಬಗಳ ಮೇಲೊಂದು ಸಣ್ಣ ಸೇತುವೆ, ಅಥವಾ ಏನೂ ಬೇಡ. ನಡುವಿನದನ್ನು ಎರಡೂ ಕಡೆಯವರು ಮೂಸಿಯೂ ನೋಡಿರಲಿಲ್ಲ.

"ನಾನು ಎದ್ದು ನಿಂತು ಹೇಳ್ದೆ. ಈ ಕಾಡು ಇಲ್ದಿದ್ರೆ ಬಿರುಗಾಳಿ ಬಂದಾಗ ಸಮುದ್ರ ನಮ್ಮ ಅಡುಗೆಮನೆಗೇ ಬರತ್ತೆ, ಅದು ನಿಜ. ನನ್ನ ತಂಗಿ ಗಂಡ ದಾರೀಲೇ ಸತ್ತ, ಅದೂ ನಿಜ. ಆಂಬುಲೆನ್ಸ್ ಹೋಗೋಷ್ಟು ಅಗಲ ಸೇತುವೆ ಹಾಕಿ, ಸಾಕು ಅಂದೆ. ವಾಪಸ್ ಬರುವಾಗ ಕಾರು ಇರ್ಲಿಲ್ಲ. ನಡ್ಕೊಂಡು ಬಂದೆ."

ಆ ಗುಂಪಿನ ಮುಂದಾಳು, ಕಾಲೇಜೊಂದರ ಮೇಷ್ಟ್ರು, ಈಗಲೂ ಬೇಸರದಲ್ಲೇ ಮಾತಾಡುತ್ತಾರೆ. "ಇವತ್ತು ಒಂದು ಸೇತುವೆಗೆ ಹೂಂ ಅಂದ್ರೆ ನಾಳೆ ಹತ್ತು ಕೇಳ್ತಾರೆ. ಆಕೆ ಒಳ್ಳೆಯವರು. ಆದ್ರೆ ಅವತ್ತು ನಮ್ಮ ಕೈಬಿಟ್ಟರು." ಬೀದಿಯ ಪರ ನಿಂತಿದ್ದ ಕ್ಷೌರದಂಗಡಿಯವರು ಕತ್ತರಿ ನಿಲ್ಲಿಸದೆ ಹೇಳುತ್ತಾರೆ: "ಆಯಮ್ಮ ಫೋನ್ ಮಾಡದಿದ್ರೆ ದೊಡ್ಡ ರಸ್ತೇನೇ ಆಗ್ತಿತ್ತು. ಬಸ್ ಬರ್ತಿತ್ತು, ನಮ್ಮ ಮಕ್ಕಳು ಹತ್ತಿ ಶಾಲೆಗೆ ಹೋಗ್ತಿದ್ವು. ಮರ ನೋಡ್ಕೊಂಡು ಹೊಟ್ಟೆ ತುಂಬತ್ತಾ?" ಇಬ್ಬರ ಮಾತನ್ನೂ ತಳ್ಳಿಹಾಕಲು ನನಗೆ ಆಗುವುದಿಲ್ಲ. ಕೆಸರಕ್ಕನಿಗೂ ಆಗುವುದಿಲ್ಲ. ಅವರ ಕಷ್ಟ ಇರುವುದೇ ಅಲ್ಲಿ.

ಕೊನೆಗೆ ಸಣ್ಣ ಸೇತುವೆಯೇ ಬಂತು. ಕಂಬ ಏಳುವ ಜಾಗದ ಮರಗಳಿಗೆ ಗುರುತು ಹಾಕಲು ಕೆಂಪು ಬಣ್ಣದ ಡಬ್ಬಿ ಕೊಟ್ಟಿದ್ದು ಕೆಸರಕ್ಕನ ಕೈಗೇ. ಆ ಮರಗಳಲ್ಲಿ ಅವರೇ ನೆಟ್ಟವೂ ಇದ್ದವು. "ಒಂದು ಮರಕ್ಕೆ ಮಾತ್ರ ಬಳಿಯೋಕೆ ಆಗ್ಲಿಲ್ಲ. ಸಾಹೇಬ್ರು ಬಂದು ಬಳಿದ್ರು" ಎಂದು ಕೈಯಲ್ಲಿದ್ದ ಕೆಸರನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಸೇತುವೆ ಆದ ವರ್ಷವೇ ಬೀದಿಯ ಒಬ್ಬ ಬಸುರಿ ಅದರ ಮೇಲೆ ಸಕಾಲಕ್ಕೆ ಆಸ್ಪತ್ರೆ ಮುಟ್ಟಿದಳು. ಮಗು ನೋಡಲು ಬೀದಿಗೆ ಬೀದಿಯೇ ಹೋಯಿತು. ಇವರನ್ನು ಕರೆಯಲಿಲ್ಲ.

ಸಂಜೆ ಅವರ ಕೋಣೆಗೆ ಹೋಗುತ್ತೇನೆ. ಒಂದು ಮಂಚ, ಒಂದು ತಟ್ಟೆ, ಗಿಲಾವು ಕಾಣದ ಇಟ್ಟಿಗೆಯ ಗೋಡೆ. ಆಚೆ ತಂಗಿಯ ಮನೆಯಿಂದ ಟೀವಿ ಧಾರಾವಾಹಿಯ ಸದ್ದು ಬರುತ್ತಿದೆ. "ಅವಳು ಜೋರಾಗಿ ಇಟ್ಕೋತಾಳೆ. ನಾನು ಇಲ್ಲೇ ಕೂತು ಕೇಳಿಸ್ಕೋತೀನಿ. ಒಬ್ಬರ ಮುಖಾನೂ ಗೊತ್ತಿಲ್ಲ, ದನಿ ಮಾತ್ರ ಎಲ್ಲರದ್ದೂ ಗೊತ್ತು. ಆ ಅತ್ತೆ ಭಾಳ ಕೆಟ್ಟೋಳು" ಎನ್ನುತ್ತಾ ಗೋಡೆಗೆ ಇನ್ನಷ್ಟು ಹತ್ತಿರ ಸರಿದು ಕೂರುತ್ತಾರೆ. ಆಚೆ ಯಾರೋ ಕೆಮ್ಮುತ್ತಾರೆ. ಇವರು ಮಾತು ನಿಲ್ಲಿಸಿ, ಕೆಮ್ಮು ನಿಂತ ಮೇಲೆ ಮುಂದುವರಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಸೇತುವೆ ಮೇಲೆ ನಿಂತು ಒಂದ್ಸಲ ಕೆಳಗೆ ನೋಡ್ಬೇಕು. ನಾನು ನೆಟ್ಟಿದ್ದೆಲ್ಲ ಮೇಲಿಂದ ಹೇಗೆ ಕಾಣತ್ತೋ ಏನೋ."

ಇಷ್ಟು ದಿನ ಹತ್ತಿಯೇ ಇಲ್ಲವೇ? ಇಲ್ಲವೆಂದು ತಲೆಯಾಡಿಸುತ್ತಾರೆ.

"ತಂಗಿ ದಿನಾ ಅದರ ಮೇಲೇ ಕೆಲಸಕ್ಕೆ ಹೋಗ್ತಾಳೆ. ನಾನು ಎದುರಿಗೆ ಸಿಕ್ಕಿದ್ರೆ ಅವಳು ಅಲ್ಲಿಂದಾನೇ ವಾಪಸ್ ತಿರುಗಿ ಕಾಲುವೆ ಸುತ್ಕೊಂಡೇ ಹೋಗ್ತಾಳೆ. ಅವಳಿಗೆ ಮೊದಲೇ ಮಂಡಿನೋವು. ಸುಮ್ನೆ ಯಾಕೆ ಅಷ್ಟು ದೂರ ನಡೆಸ್ಲಿ, ಹೇಳಿ?"